ಮೊದಲ ಸಹಿ ಯಾರದು?

ವಿದ್ಯಾರ್ಥಿಗೆ ಓದುವುದೊಂದೇ ಕೆಲಸ ಎಂಬ ಮಾತು ನಮ್ಮಲ್ಲಿ ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಅದನ್ನು ಹೇಳುವವರು ಸಾಮಾನ್ಯವಾಗಿ ಓದು ಮುಗಿಸಿ ಮೂವತ್ತು ನಲವತ್ತು ವರ್ಷವಾದವರು; ಮತ್ತೆ ಪುಸ್ತಕ ಹಿಡಿಯಬೇಕಾದ ಭಯವಿಲ್ಲದವರು. ಮೊನ್ನೆ ಹೊಸಪೇಟೆಯ ಒಂದು ಚಿಕ್ಕ ಸಭೆಯಲ್ಲಿ, ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಮತ್ತೆ ಬರಬೇಕೋ ಬೇಡವೋ ಎಂಬ ಪ್ರಸ್ತಾಪ ಬಂದಾಗ, ವೇದಿಕೆಯ ಮೇಲಿದ್ದ ಮಹನೀಯರೊಬ್ಬರು ಇದೇ ಮಾತು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಚಪ್ಪಾಳೆ ತಟ್ಟಿದವರಲ್ಲಿ ಹೆಚ್ಚಿನವರು ತಂದೆತಾಯಂದಿರು. ಹಿಂದಿನ ಸಾಲಿನಲ್ಲಿದ್ದ ಹುಡುಗ ಹುಡುಗಿಯರು ತಟ್ಟಲಿಲ್ಲ. ಎದ್ದುನಿಂತು ಮಾತಾಡಲೂ ಇಲ್ಲ. ಅವರೇಕೆ ಮಾತಾಡಲಿಲ್ಲ ಎಂಬುದನ್ನು ನಾನು ಬಲ್ಲೆನಾದುದರಿಂದ ಇಷ್ಟು ಬರೆಯಬೇಕಾಗಿ ಬಂದಿದೆ.

ನಾನು ಈ ಸೀಮೆಯ ಕಾಲೇಜುಗಳಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠ ಹೇಳಿ ನಿವೃತ್ತನಾದವನು. ಕಂಪ್ಲಿಯ ಬತ್ತದ ಗದ್ದೆಗಳಿಂದ, ಸಂಡೂರಿನ ಕೆಂಧೂಳಿನ ಹಳ್ಳಿಗಳಿಂದ, ಹೊಸಪೇಟೆಯ ಓಣಿಗಳಿಂದ ಬಂದ ಮಕ್ಕಳನ್ನು ಕಂಡವನು. ಇವರಲ್ಲಿ ಅರ್ಧಕ್ಕೂ ಮಿಕ್ಕಿದವರು ತಮ್ಮ ಮನೆಯಲ್ಲಿ ಕಾಲೇಜಿನ ಬಾಗಿಲು ಕಂಡ ಮೊದಲಿಗರು. ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ. ಆಚೆ ದಡದ ಗಂಗಾವತಿ ಕಡೆಯ ಹುಡುಗ ಅಂದು ಪರೀಕ್ಷೆಗೆ ಬರಲಾರ. ಅವನು ಯಾರ ಮುಂದೆ ಹೇಳಿಕೊಳ್ಳಬೇಕು? ಗುಮಾಸ್ತರ ಕಿಟಕಿಯ ಮುಂದೆ ನಿಂತು ಕೈಮುಗಿಯಬೇಕು. ಗುಮಾಸ್ತರು ಒಳ್ಳೆಯವರಾದರೆ ಕೆಲಸವಾಗುತ್ತದೆ. ಅವರಿಗೆ ಅಂದು ತಲೆನೋವಿದ್ದರೆ ಒಂದು ವರ್ಷ ಹೋಗುತ್ತದೆ. ನಮ್ಮ ಮಹನೀಯರು ಹೇಳುವ ‘ಓದುವುದೊಂದೇ ಕೆಲಸ’ ಆ ಕಿಟಕಿಯನ್ನು ದಾಟಿದ ಮೇಲಲ್ಲವೆ ಆರಂಭವಾಗುವುದು?

ಪ್ರವೇಶದ ಅರ್ಜಿಯ ಕೊನೆಯ ಪುಟವನ್ನು ನೀವು ಎಂದಾದರೂ ಓದಿದ್ದೀರಾ? ಮಕ್ಕಳ ಅರ್ಜಿಗೆ ನೀವೂ ಸಹಿ ಹಾಕಿರುತ್ತೀರಿ. ಓದಿರಲಾರಿರಿ; ಯಾರೂ ಓದುವುದಿಲ್ಲ. ಅನೇಕ ಸಂಸ್ಥೆಗಳಲ್ಲಿ ಅಲ್ಲೊಂದು ಮುಚ್ಚಳಿಕೆ ಇರುತ್ತದೆ. ಯಾವ ಮುಷ್ಕರದಲ್ಲಿಯೂ ಭಾಗವಹಿಸುವುದಿಲ್ಲ, ಸಂಸ್ಥೆಯ ಘನತೆಗೆ ಕುಂದುಬರುವ ಯಾವ ಮಾತನ್ನೂ ಆಡುವುದಿಲ್ಲ, ಅನುಮತಿಯಿಲ್ಲದೆ ಸಭೆ ಸೇರುವುದಿಲ್ಲ, ತಪ್ಪಿದಲ್ಲಿ ಹೊರಹಾಕಿದರೆ ಆಕ್ಷೇಪವಿಲ್ಲ ಎಂಬ ಅರ್ಥದ್ದು. ಘನತೆಗೆ ಕುಂದು ಯಾವುದು ಎಂದು ತೀರ್ಮಾನಿಸುವವರು ಯಾರು? ಸಂಸ್ಥೆಯೇ. ಅನುಮತಿ ಕೊಡುವವರು? ಸಂಸ್ಥೆಯೇ. ಹೊರಹಾಕುವವರು? ಅದೂ ಸಂಸ್ಥೆಯೇ. ಒಬ್ಬನೇ ವಾದಿ, ವಕೀಲ, ನ್ಯಾಯಾಧೀಶ, ಜೈಲರು ಆಗಿರುವ ಇಂಥ ಕಚೇರಿ ವಿಜಯನಗರದ ರಾಯರ ಕಾಲದಲ್ಲಿಯೂ ಇದ್ದಿರಲಾರದು. ನಮ್ಮ ಸಂವಿಧಾನದ 19ನೆಯ ವಿಧಿ ಪ್ರಜೆಗೆ ಮಾತಿನ ಸ್ವಾತಂತ್ರ್ಯ, ಆಯುಧವಿಲ್ಲದೆ ಶಾಂತವಾಗಿ ಸಭೆ ಸೇರುವ ಸ್ವಾತಂತ್ರ್ಯ, ಸಂಘ ಕಟ್ಟುವ ಸ್ವಾತಂತ್ರ್ಯ ಕೊಟ್ಟಿದೆ. ಅದಕ್ಕೆ ಸಕಾರಣವಾದ ಮಿತಿಗಳನ್ನು ಹಾಕಬಹುದು, ಆದರೆ ಅದನ್ನು ಮಾಡತಕ್ಕದ್ದು ಶಾಸನ. ಮುದ್ರಣಾಲಯದಲ್ಲಿ ಸಾವಿರ ಪ್ರತಿ ಅಚ್ಚುಹಾಕಿಸಿದ ಮುಚ್ಚಳಿಕೆಯನ್ನು ಶಾಸನವೆಂದು ಕರೆಯುವ ಪದ್ಧತಿ ನನಗೆ ತಿಳಿದಮಟ್ಟಿಗೆ ಎಲ್ಲಿಯೂ ಇಲ್ಲ.

ಈ ಪುಟ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಸಂಗತಿ. ಊರು, ಸಂಸ್ಥೆ ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಅದೊಂದೇ ಹಾಗಿದೆ ಎಂದು ಉಳಿದವರು ನಿಟ್ಟುಸಿರು ಬಿಟ್ಟಾರು. ಒಂದು ಬೇಸಗೆಯಲ್ಲಿ ಹುಡುಗರ ಹಾಸ್ಟೆಲಿನಲ್ಲಿ ನೀರಿಗೆ ತತ್ವಾರವಾಯಿತು. ಎರಡು ದಿನಕ್ಕೊಮ್ಮೆ ಟ್ಯಾಂಕರು, ಅದೂ ಸಂಜೆ. ಹುಡುಗರು ಮರ್ಯಾದೆಯ ಭಾಷೆಯಲ್ಲಿ ಒಂದು ಮನವಿ ಬರೆದು, ನಲವತ್ತು ಜನ ಕೆಳಗೆ ಸಹಿ ಹಾಕಿ, ವಾರ್ಡನರ ಕೈಗೆ ಕೊಟ್ಟರು. ಮರುದಿನ ಆ ಮನವಿಗೆ ಉತ್ತರ ಬರಲಿಲ್ಲ. ಮೊದಲ ಸಹಿಯ ಹುಡುಗನಿಗೆ ಕರೆ ಬಂದಿತು. ‘ಮೊದಲ ಸಹಿ ನಿನ್ನದೇ ಏನೋ? ನಾಯಕನೇನು ನೀನು?’ ಅವನ ತಂದೆಗೆ ಫೋನು ಹೋಯಿತು. ತಂದೆ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದು, ಮಗನ ಪರವಾಗಿ ತಪ್ಪೊಪ್ಪಿಗೆ ಬರೆದುಕೊಟ್ಟು, ಅದಕ್ಕೂ ಹೆಬ್ಬೆಟ್ಟು ಒತ್ತಿ ಹೋದ. ಆತ ಮಾಡಿದ ತಪ್ಪೇನೆಂಬುದು ಆತನಿಗೆ ಕೊನೆಗೂ ಗೊತ್ತಾಗಲಿಲ್ಲ. ಮುಂದಿನ ವರ್ಷ ಅದೇ ಬೇಸಗೆ, ಅದೇ ಟ್ಯಾಂಕರು. ಹುಡುಗರು ಮತ್ತೊಂದು ಮನವಿ ಬರೆದರು. ಈ ಸಲ ಕಾಗದದ ಮಧ್ಯದಲ್ಲಿ ಒಕ್ಕಣೆ, ಅದರ ಸುತ್ತ ಬಳೆಯಂತೆ ದುಂಡಗೆ ಸಹಿಗಳು! ಎಲ್ಲಿಂದ ಆರಂಭ, ಎಲ್ಲಿಗೆ ಕೊನೆ ಎಂದು ಬ್ರಹ್ಮನಿಗೂ ತಿಳಿಯಬಾರದು. ನಾವು ಉಪನ್ಯಾಸಕರು ಕೊಠಡಿಯಲ್ಲಿ ಕೂತು ಆ ಕಾಗದವನ್ನು ನೋಡಿ ನಕ್ಕೆವು. ಆಮೇಲೆ ಯಾರೂ ಬಹಳ ಹೊತ್ತು ಮಾತಾಡಲಿಲ್ಲ. ಇಪ್ಪತ್ತು ವರ್ಷದ ಮಕ್ಕಳು ಕುಡಿಯುವ ನೀರು ಕೇಳಲು ಹೊಸ ಬಗೆಯ ಜ್ಯಾಮಿತಿ ಕಂಡುಹಿಡಿಯಬೇಕಾಗಿ ಬಂದಿತ್ತು.

ಆ ನಲವತ್ತು ಜನರೂ ಮತದಾರರು. 61ನೆಯ ತಿದ್ದುಪಡಿಯ ಮೂಲಕ 1989ರಲ್ಲಿ ಭಾರತ ಸರ್ಕಾರವು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ದೇಶದ ಭವಿಷ್ಯವನ್ನು ಯುವಕರ ಕೈಗೆ ಕೊಟ್ಟೆವೆಂದು ಅಂದು ಭಾಷಣಗಳಾದವು. ಸೋಜಿಗವೆಂದರೆ ಅದೇ ಸುಮಾರಿಗೆ, 1989-90ರಲ್ಲಿ, ಕರ್ನಾಟಕದ ಕಾಲೇಜು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತುಹೋದವು. ಪ್ರಧಾನಮಂತ್ರಿಯನ್ನು ಆರಿಸಲು ಯೋಗ್ಯನಾದವನು ಊಟದ ಮನೆಯ ಕಾರ್ಯದರ್ಶಿಯನ್ನು ಆರಿಸಲು ಅಯೋಗ್ಯನಾದ! ಕರ್ನಾಟಕದಲ್ಲಿ 21 ತುಂಬಿದವನು ಗ್ರಾಮ ಪಂಚಾಯಿತಿಗೆ ನಿಲ್ಲಬಹುದು, 25 ತುಂಬಿದವನು ವಿಧಾನಸಭೆಗೆ ನಿಲ್ಲಬಹುದು. ಇಪ್ಪತ್ತೆಂಟು ವಯಸ್ಸಿನ ಸಂಶೋಧಕನೊಬ್ಬ ಶಾಸಕನಾಗಿ ವಿಶ್ವವಿದ್ಯಾಲಯದ ಮಸೂದೆಗೆ ಕೈಯೆತ್ತಬಹುದು. ಅದೇ ವಿಶ್ವವಿದ್ಯಾಲಯದ ಒಳಗೆ ಸಹಪಾಠಿಗಳ ಮತದಿಂದ ಪ್ರತಿನಿಧಿಯಾಗಿ ಬಂದು ಕುಲಪತಿಗಳ ಮುಂದೆ ಕೂರುವುದು ಮಾತ್ರ ಸಲ್ಲದು. ಇಂಥ ಲೆಕ್ಕವನ್ನು ನಮ್ಮ ಗಣಿತದ ಮೇಷ್ಟ್ರು ಕಂಡಿದ್ದರೆ ಕಿವಿ ಹಿಂಡುತ್ತಿದ್ದರು.

ಈ ವಿಚಾರದಲ್ಲಿ ನಮ್ಮ ಕಣ್ಣೆದುರಿಗೇ ಇರುವ ನಿದರ್ಶನ ಹಂಪಿಯ ಕನ್ನಡ ವಿಶ್ವವಿದ್ಯಾಲಯ. 1991ರಲ್ಲಿ ಹುಟ್ಟಿ, ಚಂದ್ರಶೇಖರ ಕಂಬಾರರನ್ನು ಮೊದಲ ಕುಲಪತಿಯಾಗಿ ಪಡೆದ ಈ ಸಂಸ್ಥೆ ಸಾಮಾನ್ಯ ವಿಶ್ವವಿದ್ಯಾಲಯಗಳಂತಲ್ಲ. ಸಂಶೋಧನೆಯೇ ಇದರ ಮುಖ್ಯ ಕಾಯಕ. ರಾಯರ ಸಿಂಹಾಸನದ ಕಟ್ಟೆಯನ್ನು ನೋಡಲು ಹಂಪಿಗೆ ಬರುವವರು ಬರಲಿ. ಕಟ್ಟೆಯ ಕೆಳಗೆ ನಿಂತಿದ್ದವರ ಹಾಡು, ಕತೆ, ಕಸುಬು, ಜಾತಿ, ಹಸಿವುಗಳನ್ನು ಅಧ್ಯಯನ ಮಾಡಲಿಕ್ಕೆ ಬಂಡೆಗಳ ನಡುವೆ ಎದ್ದ ಮನೆ ಇದು. ಬುಡಕಟ್ಟು, ಜಾನಪದ, ಮಹಿಳೆ, ದಲಿತ ಸಂಸ್ಕೃತಿ ಇವೆಲ್ಲ ಇಲ್ಲಿ ವ್ಯಾಸಂಗದ ವಿಷಯಗಳು. ಬರುವ ವಿದ್ಯಾರ್ಥಿಗಳೂ ಹೆಚ್ಚಿನವರು ಅದೇ ಜನರ ಮಕ್ಕಳು. ಮದುವೆಯಾದವರಿದ್ದಾರೆ, ಊರಲ್ಲಿ ಎಳೆಗೂಸು ಬಿಟ್ಟು ಬಂದ ತಾಯಂದಿರಿದ್ದಾರೆ. ಇವರನ್ನು ‘ಹುಡುಗರು’ ಎಂದು ಕರೆಯುವುದು ನಮ್ಮ ಪ್ರೀತಿಯಾದರೆ ಸರಿ. ಅದೇ ಆಡಳಿತದ ತತ್ವವಾಗಬಾರದು.

2020ರ ಆಚೀಚೆ ಈ ವಿಶ್ವವಿದ್ಯಾಲಯಕ್ಕೆ ಸರ್ಕಾರದ ಅನುದಾನ ತೀರ ಕುಗ್ಗಿತು. ಸಾಹಿತಿಗಳು ಹೇಳಿಕೆ ಕೊಟ್ಟರು, ಪತ್ರಿಕೆಗಳು ಬರೆದವು. ಸಂಶೋಧನಾ ವಿದ್ಯಾರ್ಥಿಗಳ, ಅದರಲ್ಲಿಯೂ ಪರಿಶಿಷ್ಟ ಜಾತಿ ಪಂಗಡಗಳವರ ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ಬಾಕಿ ಬಿದ್ದು ಅವರು ಧರಣಿ ಕೂರಬೇಕಾಯಿತು. ವಿದ್ಯಾರ್ಥಿವೇತನವೆಂದರೆ ಪೇಟೆಯ ಓದುಗರು ಬಹುಮಾನದ ಹಣವೆಂದುಕೊಂಡಾರು. ಅದರಲ್ಲಿ ಮೆಸ್ಸಿನ ಊಟ, ಕ್ಷೇತ್ರಕಾರ್ಯದ ಬಸ್ಸಿನ ಚೀಟಿ, ಪ್ರಬಂಧದ ಬೆರಳಚ್ಚು, ಊರಿನ ಮನೆಗೆ ಕಳುಹಿಸುವ ಸಾವಿರ ರೂಪಾಯಿ ಎಲ್ಲ ಸೇರಿರುತ್ತದೆ. ಅದು ನಿಂತ ತಿಂಗಳು ಕಿರಾಣಿ ಅಂಗಡಿಯ ಉದ್ರಿ ಬೆಳೆಯುತ್ತದೆ. ನಿಂತ ವರ್ಷ ಸಂಶೋಧಕ ಹೊಸಪೇಟೆಯ ಯಾವುದೋ ಹೋಟೆಲಿನಲ್ಲಿ ಲೆಕ್ಕ ಬರೆಯಲು ಹೋಗುತ್ತಾನೆ. ಪ್ರಬಂಧ ಅರ್ಧಕ್ಕೆ ನಿಂತರೆ, ಮಗ ಓದಲಿಲ್ಲ ಎಂದು ಊರಲ್ಲಿ ಮಾತಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಹಣ ಕೊಡದಿದ್ದದ್ದು ಸರ್ಕಾರ. ವಿಶ್ವವಿದ್ಯಾಲಯವೂ ಕೈಯೊಡ್ಡಿ ನಿಂತದ್ದೇ. ಹಾಗಿದ್ದಮೇಲೆ ಕುಲಪತಿಗಳ ಕಚೇರಿಯ ಮುಂದೆ ಕೂತ ವಿದ್ಯಾರ್ಥಿಗಳು ಶತ್ರುಗಳೇನೂ ಅಲ್ಲ, ಕುಲಪತಿಗಳಿಗೆ ಸಿಕ್ಕಬಹುದಾಗಿದ್ದ ಅತ್ಯಂತ ಬಲವಾದ ಸಾಕ್ಷಿಗಳು. ಮತದಿಂದ ಆರಿಸಿಬಂದ, ಆಡಳಿತದ ಪೂರ್ಣ ಮನ್ನಣೆಯುಳ್ಳ ಒಂದು ವಿದ್ಯಾರ್ಥಿ ಪರಿಷತ್ತು ಇದ್ದಿದ್ದರೆ ಅದು ಕುಲಪತಿಗಳ ಪಕ್ಕದಲ್ಲಿಯೇ ನಿಂತು ಬೆಂಗಳೂರಿಗೆ ಹೋಗಿ ಕೇಳಬಹುದಾಗಿತ್ತು. ಇಂಥದ್ದೊಂದು 2010ರಲ್ಲಿ ನಡೆದದ್ದೂ ಉಂಟು. ಕೃಷ್ಣದೇವರಾಯನ ಪಟ್ಟಾಭಿಷೇಕದ 500ನೆಯ ವರ್ಷದ ಸಂಭ್ರಮದಲ್ಲಿ, ವಿಶ್ವವಿದ್ಯಾಲಯದ 80 ಎಕರೆ ಭೂಮಿಯನ್ನು ವಿಜಯನಗರದ ವೈಭವ ತೋರಿಸುವ ಉದ್ಯಾನಕ್ಕೆ ಕೊಡುವ ಆಲೋಚನೆ ಸರ್ಕಾರಕ್ಕೆ ಬಂದಿತು. ನಾಡಿನ ಲೇಖಕರೂ ವಿದ್ಯಾರ್ಥಿಗಳೂ ಎದ್ದುನಿಂತರು. ಅಂದು ಮಾತಾಡಿದ ವಿದ್ಯಾರ್ಥಿ ‘ಓದುವುದೊಂದೇ ಕೆಲಸ’ ಎಂದು ಗ್ರಂಥಾಲಯದಲ್ಲಿ ಕೂತಿದ್ದರೆ, ಓದಲು ಉಳಿಯುವ ನೆಲವೆಷ್ಟು ಎಂದು ಕೇಳಬೇಕಾಗುತ್ತಿತ್ತು.

ಸಂಡೂರಿನ ಕಡೆ ನೋಡಿ. ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯನ್ನು ಕಲಿಸುತ್ತಾರೆ; ಗಣಿಯ ಸೀಮೆಯಲ್ಲಿ ಅದು ತಕ್ಕುದೇ. 2011ರ ಜುಲೈ ತಿಂಗಳಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಹೊರಬಂದು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಹಗಲೂ ರಾತ್ರಿ ಅದಿರಿನ ಲಾರಿಗಳು ಓಡಿದ್ದನ್ನು, ಜೋಳದ ತೆನೆ ಕೆಂಪಾದದ್ದನ್ನು ಈ ಭಾಗದ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಂಡಿದ್ದ. ಅದಿರಿನಲ್ಲಿ ಕಬ್ಬಿಣವೆಷ್ಟು ಪಾಲು ಎಂದು ಅವನು ಲೆಕ್ಕ ಹಾಕಬಲ್ಲ. ಅದೇ ಲಾರಿ ಯಾರ ಪರವಾನಗಿಯಲ್ಲಿ ಹೋಗುತ್ತಿದೆ ಎಂದು ಸಂಜೆ ಐವತ್ತು ಜನ ಸೇರಿ ಚರ್ಚಿಸಲು ಅವನಿಗೊಂದು ಸಭಾಂಗಣ ಸಿಕ್ಕುತ್ತಿತ್ತೆ? ಕೇಳಿದ್ದರೆ, ಅದು ಪಠ್ಯದಲ್ಲಿಲ್ಲ ಎಂಬ ಉತ್ತರ ಬರುತ್ತಿತ್ತೆಂದು ನನ್ನ ಅನುಭವ ಹೇಳುತ್ತದೆ. ಪಠ್ಯದಲ್ಲಿಲ್ಲದ್ದು ನ್ಯಾಯಾಲಯದಲ್ಲಿ ಬಂದಿತು.

ಇನ್ನು ಎದುರು ವಾದಗಳು. ಚುನಾವಣೆ ಎಂದರೆ ಹೊಡೆದಾಟ, ಸೈಕಲ್ ಚೈನು, ಪಕ್ಷಗಳ ದುಡ್ಡು ಎನ್ನುತ್ತಾರೆ. 1980ರ ದಶಕದ ಕಾಲೇಜುಗಳಲ್ಲಿ ತಲೆ ಒಡೆದದ್ದು ನಿಜ. ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ದಶಕದ ವಿಧಾನಸಭಾ ಚುನಾವಣೆಗಳಲ್ಲಿ ತಲೆಗಳು ಭದ್ರವಾಗಿದ್ದವೆ? ಅಲ್ಲಿ ನಾವು ಮತಗಟ್ಟೆಗೆ ಪೋಲೀಸರನ್ನು ಕಳುಹಿಸಿದೆವು, ಖರ್ಚಿಗೆ ಮಿತಿ ಹಾಕಿದೆವು, ಗುರುತಿನ ಚೀಟಿ ತಂದೆವು. ಚುನಾವಣೆಯನ್ನೇ ರದ್ದುಮಾಡಲಿಲ್ಲ. ಕಾಲೇಜಿನಲ್ಲಿ ಮಾತ್ರ ನೆಗಡಿಗೆ ಮೂಗು ಕೊಯ್ಯುವ ವೈದ್ಯ ನಡೆಯಿತು.

ಮದ್ದು ಇಲ್ಲದೆಯೂ ಇಲ್ಲ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರ ಸಮಿತಿ ಇದೇ ಪ್ರಶ್ನೆಯನ್ನು ವಿಚಾರಿಸಿ 2006ರಲ್ಲಿ ವರದಿ ಕೊಟ್ಟಿತು; ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಜಾರಿಗೆ ತರುವಂತೆ ಆದೇಶಿಸಿತು. ಅಭ್ಯರ್ಥಿ ಐದು ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಕೂಡದು. ಹಾಜರಿ ನೂರಕ್ಕೆ 75 ಇರಬೇಕು. ಅಪರಾಧದ ದಾಖಲೆ ಇರಬಾರದು. ಪದವಿ ವಿದ್ಯಾರ್ಥಿಗೆ 22, ಸಂಶೋಧಕನಿಗೆ 28 ವಯಸ್ಸಿನ ಮಿತಿ. ಪದಾಧಿಕಾರಿಯಾಗಿ ನಿಲ್ಲಲು ಒಂದೇ ಅವಕಾಶ. ಶೈಕ್ಷಣಿಕ ವರ್ಷ ಆರಂಭವಾದ ಆರರಿಂದ ಎಂಟು ವಾರದೊಳಗೆ ಚುನಾವಣೆ ಮುಗಿಯಬೇಕು. ಐದು ಸಾವಿರದ ಮಿತಿ ಇಂದಿಗೆ ತೀರ ಕಡಿಮೆಯೆಂದೂ, ಮಿತಿಗಳು ಬಿಗಿಯಾದವೆಂದೂ ದೂರುವವರಿದ್ದಾರೆ. ನನಗೂ ಒಂದೆರಡು ಕಡೆ ಹಾಗೆ ಅನ್ನಿಸುತ್ತದೆ. ಅದಿರಲಿ, ಹೊಡೆದಾಟಕ್ಕೆ ಹೆದರುವವರಿಗೆ ಇದಕ್ಕಿಂತ ಬಿಗಿಯಾದ ಬೇಲಿ ಇನ್ನಾವುದು ಬೇಕು? ಪಕ್ಕದ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ, ಕೇರಳದ ಕಾಲೇಜುಗಳಲ್ಲಿ ಚುನಾವಣೆ ನಡೆಯುತ್ತದೆ. ಅಲ್ಲಿನವರು ಪದವಿ ಪಡೆಯದೆ ಉಳಿದದ್ದಿಲ್ಲ. ನಮ್ಮ ರಾಜ್ಯದಲ್ಲಿ ಮೂರು ದಶಕ ದಾಟಿದ ಮೇಲೆ, 2025ರ ನವೆಂಬರಿನಲ್ಲಿ, ಈ ವಿಷಯವನ್ನು ಪರಿಶೀಲಿಸಲು ಸಮಿತಿ ನೇಮಿಸುವ ಮಾತು ಸರ್ಕಾರದ ಕಡೆಯಿಂದ ಹೊರಟಿತು. ಸಮಿತಿಗಳ ವಿಚಾರದಲ್ಲಿ ನಮಗೆಲ್ಲರಿಗೂ ಸಾಕಷ್ಟು ಅನುಭವವಿದೆ.

ಪಕ್ಷಗಳು ಒಳನುಗ್ಗುತ್ತವೆ ಎಂಬುದು ಇನ್ನೊಂದು ಭಯ. ಒಳಗೆ ಬಾರದೆ ಇವೆಯೆ? ಚುನಾವಣೆ ಇಲ್ಲದ ಈ ವರ್ಷಗಳಲ್ಲಿ ಪ್ರತಿ ಪಕ್ಷದ ವಿದ್ಯಾರ್ಥಿ ಶಾಖೆಯೂ ಕಾಲೇಜಿನ ಗೇಟಿನ ಮುಂದೆ ಬಾವುಟ ಕಟ್ಟುತ್ತಿದೆ. ಯಾರ ಬೆಂಬಲ ಎಷ್ಟಿದೆಯೆಂದು ಅಳೆಯುವ ಮತಪೆಟ್ಟಿಗೆ ಇಲ್ಲದಿರುವುದರಿಂದ ಗಂಟಲು ದೊಡ್ಡದಿದ್ದವನೇ ನಾಯಕ. ನೂರು ಜನರ ಘೋಷಣೆಗೆ ಸಾವಿರ ಜನರ ಮೌನವೇ ಸಮ್ಮತಿಯೆಂದು ಲೆಕ್ಕವಾಗುತ್ತದೆ. ಬಾವುಟ ಕಟ್ಟದ ಆ ಸಾವಿರ ಜನರಿಗೆ ಮತಪೆಟ್ಟಿಗೆ ಬೇಕು.

ಮತಪೆಟ್ಟಿಗೆಯಿಂದ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳಲಾರೆ. ಹೈದರಾಬಾದಿನ ಅದೇ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಐವರು ದಲಿತ ಸಂಶೋಧಕರನ್ನು ಹಾಸ್ಟೆಲಿನಿಂದ ಹೊರಹಾಕಲಾಯಿತು. ಅವರಲ್ಲೊಬ್ಬನಾದ ರೋಹಿತ್ ವೇಮುಲನಿಗೆ ತಿಂಗಳುಗಟ್ಟಲೆ ವಿದ್ಯಾರ್ಥಿವೇತನವೂ ಬಂದಿರಲಿಲ್ಲ. 2016ರ ಜನವರಿ 17ರಂದು ಆತ ತೀರಿಕೊಂಡ. ಅಲ್ಲಿ ಸಂಘವಿದ್ದೂ ಅದನ್ನು ತಡೆಯಲಾಗಲಿಲ್ಲ. ಹಣವನ್ನು ನಿಲ್ಲಿಸುವುದು, ಕೋಣೆಯನ್ನು ಕಸಿಯುವುದು, ಇವು ಬಾಯಿ ಮುಚ್ಚಿಸುವ ಕೆಲಸವನ್ನು ಮುಚ್ಚಳಿಕೆಗಿಂತ ಚೆನ್ನಾಗಿ ಮಾಡುತ್ತವೆ ಎಂಬುದನ್ನು ಆ ಪ್ರಕರಣದಿಂದ ನಾವು ಕಲಿಯಬೇಕಿತ್ತು. ವಿದ್ಯಾರ್ಥಿವೇತನ ಮತ್ತು ವಾಸದ ಕೋಣೆ ಶಿಸ್ತಿನ ಕೋಲಾಗದಂತೆ ನಿಯಮವಿರಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ದೂರು ಕೇಳಲು ಈಗಾಗಲೇ ಸಮಿತಿ ಇದೆಯಲ್ಲ ಎಂದು ಆಡಳಿತದವರು ಕೇಳಬಹುದು. ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2023ರಲ್ಲಿ ನಿಯಮಾವಳಿ ಹೊರಡಿಸಿ, ಪ್ರತಿ ಸಂಸ್ಥೆಯಲ್ಲಿಯೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕೆಂದೂ, ಅದು ಹದಿನೈದು ಕೆಲಸದ ದಿನಗಳಲ್ಲಿ ವರದಿ ಕೊಡಬೇಕೆಂದೂ, ಅದರ ಮೇಲೆ ಮೇಲ್ಮನವಿ ಕೇಳಲು ಒಬ್ಬ ಲೋಕಪಾಲರು ಇರಬೇಕೆಂದೂ ಹೇಳಿದೆ. ಒಳ್ಳೆಯ ನಿಯಮ, ನಿಮ್ಮ ಮಕ್ಕಳಿಗೆ ಇದರ ವಿಷಯ ತಿಳಿಸಿರಿ, ಬಹುತೇಕರಿಗೆ ಗೊತ್ತಿಲ್ಲ. ಆದರೆ ಅದರಲ್ಲಿ ವಿದ್ಯಾರ್ಥಿಯ ಸ್ಥಾನವೇನು? ಓದಿನಲ್ಲಿ, ಆಟದಲ್ಲಿ, ಇತರ ಚಟುವಟಿಕೆಗಳಲ್ಲಿ ಮುಂದಿರುವ ಒಬ್ಬನನ್ನು ನಾಮಕರಣ ಮಾಡಿ ವಿಶೇಷ ಆಹ್ವಾನಿತನಾಗಿ ಕೂರಿಸುವುದು. ಚಿನ್ನದ ಪದಕದ ಹುಡುಗ ಬುದ್ಧಿವಂತನಿರಬಹುದು, ಸಭ್ಯನಿರಬಹುದು. ಅವನು ಯಾರ ಪ್ರತಿನಿಧಿ? ಅವನನ್ನು ಕೂರಿಸಿದವರೇ ಅವನ ಅಂಕ ಹಾಕುವವರು. ಊರಿನ ಪಂಚಾಯಿತಿಗೆ ಹತ್ತನೆಯ ತರಗತಿಯಲ್ಲಿ ಮೊದಲು ಬಂದವನನ್ನು ತಹಸೀಲ್ದಾರರು ನೇಮಿಸಿದರೆ ನಾವು ಒಪ್ಪುತ್ತೇವೆಯೆ?

ಹೆಣ್ಣುಮಕ್ಕಳ ವಿಚಾರಕ್ಕೆ ಬಂದರೆ ಮುಚ್ಚಳಿಕೆಗೆ ಬೀಗವೂ ಸೇರುತ್ತದೆ. ಸಂಜೆ ಆರಕ್ಕೋ ಏಳಕ್ಕೋ ಹಾಸ್ಟೆಲಿನ ಬಾಗಿಲು ಮುಚ್ಚುವುದು ಎಷ್ಟೋ ಕಡೆ ರೂಢಿ. ಹುಡುಗರ ಗೇಟು ಅದೇ ಹೊತ್ತಿಗೆ ತೆರೆದೇ ಇರುತ್ತದೆ. ಗ್ರಂಥಾಲಯ ರಾತ್ರಿ ಎಂಟರವರೆಗೆ ಇರುವಲ್ಲಿ ಆ ಕೊನೆಯ ಒಂದೆರಡು ಗಂಟೆ ಗಂಡಸರ ಗ್ರಂಥಾಲಯವಾಗುತ್ತದೆ. ಏಕೆಂದು ಕೇಳಿದರೆ ‘ಸುರಕ್ಷತೆ’. ಅಪಾಯ ಹೊರಗಿದ್ದರೆ ಬೀದಿದೀಪ ಹಾಕಿಸಬೇಕು, ಬಸ್ಸು ತರಿಸಬೇಕು. ಹಾದಿಯಲ್ಲಿ ಕಾಟ ಕೊಡುವವನನ್ನು ಹಿಡಿಯಬೇಕು. ಕಾಟಕ್ಕೆ ಗುರಿಯಾದವಳನ್ನು ಒಳಗಿಟ್ಟು, ಕೊಡುವವನನ್ನು ಬೀದಿಗೆ ಬಿಡುವುದು ಯಾವ ಊರಿನ ನ್ಯಾಯ? ಸುರಕ್ಷತೆಯ ಹೆಸರಿನಲ್ಲಿ ವಿದ್ಯಾರ್ಥಿನಿಯರಿಗೆ ಮಾತ್ರ ತಾರತಮ್ಯದ ಕಟ್ಟಳೆ ಹಾಕಕೂಡದೆಂದು ಅನುದಾನ ಆಯೋಗದ 2015ರ ಲೈಂಗಿಕ ಕಿರುಕುಳ ತಡೆ ನಿಯಮಾವಳಿಯಲ್ಲಿಯೇ ಇದೆ. ಕೋಳಿಕ್ಕೋಡಿನ ಬಳಿಯ ಒಂದು ಕಾಲೇಜಿನ ಬಿ.ಎ. ವಿದ್ಯಾರ್ಥಿನಿಯೊಬ್ಬಳು, ಹಾಸ್ಟೆಲಿನಲ್ಲಿ ಸಂಜೆ ಆರರಿಂದ ಹತ್ತರವರೆಗೆ ಮೊಬೈಲು ಒಪ್ಪಿಸಬೇಕೆಂಬ ನಿಯಮವನ್ನು ಒಪ್ಪದೆ ಹೊರಹಾಕಲ್ಪಟ್ಟು ಕೇರಳ ಹೈಕೋರ್ಟಿಗೆ ಹೋದಳು. ಅಂತರ್ಜಾಲದ ಬಳಕೆ ಶಿಕ್ಷಣದ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದ್ದೆಂದು 2019ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ತೀರ್ಪಿತ್ತು, ಅವಳನ್ನು ಮರಳಿ ಸೇರಿಸಿಕೊಳ್ಳುವಂತೆ ಹೇಳಿತು. ಒಬ್ಬ ಹುಡುಗಿ ಹೈಕೋರ್ಟಿನವರೆಗೆ ನಡೆಯಬೇಕಾದದ್ದು, ಅವಳ ಮಾತನ್ನು ಹಾಸ್ಟೆಲಿನೊಳಗೆ ಕೇಳುವವರು ಇಲ್ಲದ್ದರಿಂದ. ಸಂಡೂರಿನ ಗಣಿಗೂಲಿಯ ಮಗಳು ಹೈಕೋರ್ಟಿಗೆ ಹೋಗುವಳೆ? ಅವಳು ಗಂಟು ಕಟ್ಟಿಕೊಂಡು ಊರಿಗೆ ಹೋಗುತ್ತಾಳೆ.

ವಿದ್ಯಾರ್ಥಿಗಳ ಮಾತಿನಿಂದ ವಿದ್ಯೆಗೆ ಕೇಡು ಎನ್ನುವವರಿಗೆ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕಾಗಿದೆ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚೆಂಬ ಅರ್ಥದ ಮಾತಾಡಿದರು. ನಾಡೆಲ್ಲ ಗುಲ್ಲೆದ್ದಿತು, ಅವರನ್ನು ಬೆಂಬಲಿಸಿದ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರಿದ್ದ ಹಾಸ್ಟೆಲುಗಳೂ ಬಿಡಲಿಲ್ಲ. ಕಡೆಗೆ ಮಂತ್ರಿ ಪದವಿ ಹೋಯಿತು. ಪೆಟ್ಟು ತಿಂದ ಆ ವಿದ್ಯಾರ್ಥಿಗಳು ಸುಮ್ಮನಾಗಲಿಲ್ಲ. ಕೂಡಿದರು, ಓದಿದರು, ಬರೆದರು. ದಲಿತ ಸಂಘರ್ಷ ಸಮಿತಿಗೂ ಕನ್ನಡದ ದಲಿತ ಸಾಹಿತ್ಯಕ್ಕೂ ಆ ಕುದಿತದಲ್ಲಿ ಬೇರುಗಳಿವೆ. ಇಂದು ಅದೇ ಸಾಹಿತ್ಯದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಪ್ರಬಂಧಗಳು ಸಿದ್ಧವಾಗುತ್ತವೆ. ಅಂದಿನ ವಿದ್ಯಾರ್ಥಿ ಮುಷ್ಕರದ ಬಗೆಗೆ ಅಧ್ಯಾಯ ಬರೆಯುವ ಇಂದಿನ ವಿದ್ಯಾರ್ಥಿ, ಮುಷ್ಕರ ಮಾಡುವುದಿಲ್ಲವೆಂದು ಮೊದಲು ಮುಚ್ಚಳಿಕೆ ಬರೆದುಕೊಡಬೇಕು. 1942ರಲ್ಲಿ ಹುಬ್ಬಳ್ಳಿಯಲ್ಲಿ ಪೋಲೀಸರ ಗುಂಡಿಗೆ ಬಲಿಯಾದ ಬಾಲಕ ನಾರಾಯಣ ಡೋಣಿಯ ಕತೆಯನ್ನು ಆಗಸ್ಟ್ ಹದಿನೈದರಂದು ಹೇಳಿ ನಾವೇ ಕಣ್ಣೊರೆಸಿಕೊಳ್ಳುತ್ತೇವೆ.

ಹೊರದೇಶದಲ್ಲಿ ಇದು ನೂರು ವರ್ಷದ ಹಿಂದಿನ ಮಾತು. ಅರ್ಜೆಂಟೀನದ ಕೊರ್ಡೋಬಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1918ರಲ್ಲಿ ಎದ್ದು, ಆಡಳಿತ ಮಂಡಳಿಯಲ್ಲಿ ತಮಗೂ ಪಾಲು ಬೇಕೆಂದು ಕೇಳಿ ಪಡೆದರು. ಅಲ್ಲಿಂದ ಅದು ಲ್ಯಾಟಿನ್ ಅಮೆರಿಕದ ತುಂಬ ಹಬ್ಬಿತು. ವಿದ್ಯಾರ್ಥಿಗಳು ಕೂತ ಮಂಡಳಿಗಳಿಂದ ಆ ವಿಶ್ವವಿದ್ಯಾಲಯಗಳು ಮುಳುಗಿಹೋಗಲಿಲ್ಲ.

ರಾಜ್ಯದ ಸಮಿತಿ ಏನು ಹೇಳುವುದೋ, ಎಂದು ಹೇಳುವುದೋ, ಅದಕ್ಕಾಗಿ ನಮ್ಮ ಜಿಲ್ಲೆಯವರು ಕಾಯಬೇಕಾಗಿಲ್ಲ. ಕನ್ನಡ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಮಿತವಾದುದು, ವಯಸ್ಸು ಪಕ್ವವಾದುದು. ಅಲ್ಲಿಂದ ಆರಂಭಿಸುವುದು ಸುಲಭ. ಸಂಶೋಧಕರು ಗುಪ್ತಮತದಿಂದ ಐವರನ್ನು ಆರಿಸಲಿ, ಅವರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳಿರಲಿ. ವಿದ್ಯಾರ್ಥಿವೇತನ ಯಾವ ಮೇಜಿನ ಮೇಲೆ ಎಷ್ಟು ದಿನ ನಿಂತಿದೆ ಎಂಬುದನ್ನು ಪ್ರತಿ ತಿಂಗಳು ಅವರ ಮುಂದಿಡಲಿ. ಕುಂದುಕೊರತೆಯ ಸಮಿತಿಗೆ ಆಹ್ವಾನಿತನನ್ನು ಅವರೇ ಸೂಚಿಸಲಿ. ನಂದಿಹಳ್ಳಿಯ ಕೇಂದ್ರದಲ್ಲಿ, ಹೊಸಪೇಟೆ ಕಂಪ್ಲಿಗಳ ಪದವಿ ಕಾಲೇಜುಗಳಲ್ಲಿ ಹಾಸ್ಟೆಲಿನ ಮಟ್ಟದಿಂದಲೇ ಮೊದಲಾಗಬಹುದು. ನೀರು, ಊಟ, ಗೇಟಿನ ಹೊತ್ತು ಇವನ್ನು ಆರಿಸಿಬಂದವರೊಡನೆ ಕೂತು ತೀರ್ಮಾನಿಸಲು ಬೆಂಗಳೂರಿನ ಅಪ್ಪಣೆ ಬೇಕೆಂದು ನನಗನ್ನಿಸುವುದಿಲ್ಲ. ತಂದೆತಾಯಂದಿರು ಒಂದು ಉಪಕಾರ ಮಾಡಬಹುದು. ಬರುವ ಪ್ರವೇಶದ ಕಾಲದಲ್ಲಿ ಅರ್ಜಿಯ ಕೊನೆಯ ಪುಟವನ್ನು ಪೂರ್ತಿ ಓದಿರಿ. ಸಭೆ ಸೇರುವುದಿಲ್ಲ, ಮಾತಾಡುವುದಿಲ್ಲ ಎಂಬ ಸಾಲುಗಳಿದ್ದರೆ ಅವುಗಳ ಮೇಲೆ ಗೀಟು ಎಳೆದು, ಕೆಳಗೆ ನಿಮ್ಮ ಸಹಿ ಹಾಕಿ ಕೊಡಿರಿ. ಮೊದಲ ಸಹಿ ಯಾರದೆಂದು ಗುಮಾಸ್ತರು ಕೇಳಿದರೆ, ಮಗುವಿನದಲ್ಲ, ನಮ್ಮದು ಎನ್ನಿರಿ.